ರೂಮು ಹಂಚುವ ದಿನ ಇಂಜಿನಿಯರನ್ನೂ ಕರೆಯಿರಿ

ಕಳೆದ ವಾರ ಸಿವಿಲ್ ಇಂಜಿನಿಯರಿಂಗ್ ಕೊನೆ ವರ್ಷದ ವಿದ್ಯಾರ್ಥಿಗಳ ಮುಂದೆ, ಹಳೆ ಕಟ್ಟಡವನ್ನು ಕಾಲೇಜು ಮಾಡುವ ಬಗ್ಗೆ ಒಂದೂವರೆ ಗಂಟೆ ಮಾತಾಡಿದೆ. ಅದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಾಡಿದ ಹಾಗೆಯೇ ಬರೆದಿದ್ದೇನೆ. ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳನ್ನು ಮಾತ್ರ ಮಾತಿಗೆ ಇಳಿಸಿದ್ದೇನೆ.

ಮೈಸೂರಿನಿಂದಲೇ ಶುರು ಮಾಡೋಣ. ಹತ್ತನೇ ಚಾಮರಾಜ ಒಡೆಯರ ಮೂವರು ಹೆಣ್ಣುಮಕ್ಕಳಿಗೆ ಅಂತ ಕಟ್ಟಿದ ಮೂರು ಬಂಗಲೆಗಳನ್ನು ನೀವೆಲ್ಲ ನೋಡಿರುತ್ತೀರಿ, ಅದು ಯಾರ ಮನೆ ಅಂತ ಗೊತ್ತಿಲ್ಲದೆಯೂ ನೋಡಿರುತ್ತೀರಿ. ದೊಡ್ಡವರಾದ ಜಯಲಕ್ಷ್ಮಮ್ಮಣ್ಣಿಯವರ ಮನೆ 1905ರದ್ದು. ಅದು 1959ರಲ್ಲಿ, ಕುವೆಂಪು ಅವರು ಕುಲಪತಿಯಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಬಂತು. ಇವತ್ತಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅದೇ. ಅಲ್ಲಿ ಜಾನಪದ ವಸ್ತು ಸಂಗ್ರಹಾಲಯ ಇದೆ. ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಬಂಗಲೆಯಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ನಡೆಯುತ್ತಿದೆ. ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಬಂಗಲೆ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಒಂದೇ ತಂದೆಯ ಮಕ್ಕಳ ಮೂರು ಮನೆ, ಮೂರೂ ಕಲಿಯುವ ಜಾಗಗಳಾದವು. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಉತ್ತರಕ್ಕೆ ಹೋದರೆ ಧಾರವಾಡದ ಕರ್ನಾಟಕ ಕಾಲೇಜು. 1917ರಲ್ಲಿ ಶುರುವಾದ ಕಾಲೇಜು, ಆದರೆ ಅದರ ಮುಖ್ಯ ಕಟ್ಟಡ ಕಾಲೇಜಿಗೆ ಅಂತ ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ಗುಮಾಸ್ತರು ಲೆಡ್ಜರ್ ಬರೆಯುತ್ತಿದ್ದ ಜಾಗದಲ್ಲಿ ಪಾಠ ಶುರುವಾಯಿತು.

ಅಂದರೆ ಹಳೆ ಕಟ್ಟಡವನ್ನು ಕಾಲೇಜು ಮಾಡುವುದು ನಮಗೆ ಹೊಸದೇನಲ್ಲ, ನಮ್ಮ ಹಿರಿಯರು ಮಾಡುತ್ತಲೇ ಬಂದಿದ್ದಾರೆ. ಇವತ್ತು ಮಾಡುವಾಗ ವ್ಯತ್ಯಾಸ ಏನು? ಮಕ್ಕಳು ಜಾಸ್ತಿ, ಸಾಮಾನು ಜಾಸ್ತಿ, ನೀರು ಜಾಸ್ತಿ. ಆಗ ಒಂದು ಬಾವಿ, ಹೊರಗೆ ಒಂದು ಬಚ್ಚಲು ಇದ್ದರೆ ಆಯಿತು. ಈಗ ಪ್ರತಿ ಮಹಡಿಗೂ ಶೌಚಾಲಯ, ಎಸಿ, ಕಂಪ್ಯೂಟರ್ ಲ್ಯಾಬು, ತಾರಸಿ ಮೇಲೆ ಸಿಂಟೆಕ್ಸು, ಸೋಲಾರು.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಹಳೆ ಕಟ್ಟಡವನ್ನು ಹೇಗೆ ಗಟ್ಟಿ ಮಾಡುವುದು ಅಂತ ಕೇಳುವ ಮೊದಲು ಅದರ ಯಾವ ರೂಮಿಗೆ ಯಾವ ಕೆಲಸ ಕೊಡುತ್ತೀರಿ ಅಂತ ಕೇಳಿ. ಲೈಬ್ರರಿ ಎಲ್ಲಿ, ಲ್ಯಾಬ್ ಎಲ್ಲಿ, ಶೌಚಾಲಯ ಎಲ್ಲಿ, ಅರವತ್ತು ಮಕ್ಕಳ ಕ್ಲಾಸು ಎಲ್ಲಿ ಅಂತ ತೀರ್ಮಾನವಾದ ದಿನವೇ ಆ ಕಟ್ಟಡದ ಹಣೆಬರಹದ ಅರ್ಧ ಭಾಗ ತೀರ್ಮಾನವಾಗಿರುತ್ತದೆ. ಆ ದಿನ ನಮ್ಮಂಥ ಇಂಜಿನಿಯರುಗಳನ್ನು ಯಾರೂ ಕರೆಯುವುದಿಲ್ಲ. ನಕ್ಷೆ ಮುಗಿದು, ಬೆಂಚಿಗೆ ಆರ್ಡರ್ ಕೊಟ್ಟು, ಆಮೇಲೆ ಕರೆಯುತ್ತಾರೆ.

ನನಗೆ ಹಾಗೇ ಆಯಿತು. ಹಳೇ ಮೈಸೂರು ಕಡೆಯ ಒಂದು ಊರು. ನೂರು ವರ್ಷ ದಾಟಿದ ಎರಡು ಅಂತಸ್ತಿನ ಬಂಗಲೆ. ಕೆಳಗೆ ದೊಡ್ಡ ಹಜಾರ, ಮೇಲೆ ಅದರಷ್ಟೇ ದೊಡ್ಡ ಹಾಲು, ಮುಂದೆ ಪೋರ್ಟಿಕೊ, ಹಿಂದೆ ಕುದುರೆ ಲಾಯ, ಪಕ್ಕದಲ್ಲಿ ಗಾಡಿ ನಿಲ್ಲಿಸುವ ಕೊಟ್ಟಿಗೆ. ಅದನ್ನು ಒಂದು ಶಿಕ್ಷಣ ಸಂಸ್ಥೆ ಕೊಂಡು ಡಿಗ್ರಿ ಕಾಲೇಜು ಮಾಡಲು ಹೊರಟಿತ್ತು. ಒಳ್ಳೆಯ ಮನಸ್ಸಿನ ಜನ. ಕೆಡವಿ ಕಟ್ಟಿದರೆ ಅಗ್ಗ ಅಂತ ಗೊತ್ತಿದ್ದೂ ಉಳಿಸಿಕೊಳ್ಳಬೇಕು ಅಂತ ಬಂದವರು. ನಾನು ಹೋಗುವ ಹೊತ್ತಿಗೆ ನಕ್ಷೆ ಗೋಡೆ ಮೇಲೆ ಅಂಟಿಸಿ ಆಗಿತ್ತು. ಮೇಲಿನ ಹಾಲಿನಲ್ಲಿ ಲೈಬ್ರರಿ. ಯಾಕೆ ಅಂದರೆ ಅದು ತುಂಬ ಚೆಂದದ ಹಾಲು, ಮೂರು ಕಡೆ ಕಿಟಕಿ, ಬಣ್ಣದ ಗಾಜು, ಕೂತು ಓದಲು ಹೇಳಿ ಮಾಡಿಸಿದ ಹಾಗಿತ್ತು.

ಈಗ ಆ ಹಾಲಿನ ನೆಲ ಯಾವುದರ ಮೇಲೆ ನಿಂತಿತ್ತು ಅಂತ ಹೇಳುತ್ತೇನೆ. ಮದ್ರಾಸ್ ತಾರಸಿ ಅನ್ನುವ ಮಾತು ನಿಮ್ಮ ಸಿಲೆಬಸ್ಸಿನಲ್ಲಿ ಇಲ್ಲದೆ ಇರಬಹುದು, ಆದರೆ ನಮ್ಮ ಕಡೆ ಆ ಕಾಲದ ದೊಡ್ಡ ಮನೆಗಳನ್ನು ನೋಡಲು ಹೋದರೆ ಮತ್ತೆ ಮತ್ತೆ ಎದುರಾಗುವುದು ಅದೇ. ಗೋಡೆಯಿಂದ ಗೋಡೆಗೆ ತೇಗದ ಜಂತೆ, ಒಂದೂವರೆ ಅಡಿಗೆ ಒಂದರಂತೆ. ಅದರ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಮೂಲೆಗೆ ಓರೆಯಾಗಿ, ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಕಲಸಿ ಹಾಕಿ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಬಡಿಯುತ್ತಿದ್ದರು. ಆಮೇಲೆ ಚಪ್ಪಟೆ ಹೆಂಚು, ಇಲ್ಲವೇ ಗಾರೆ ನೆಲ. ಕೆಳಗೆ ನಿಂತು ತಲೆ ಎತ್ತಿದರೆ ಜಂತೆಗಳ ಸಾಲು ಕಾಣುತ್ತದೆ, ನಡುನಡುವೆ ಸುಣ್ಣ ಬಳಿದ ಇಟ್ಟಿಗೆ.

ಇದು ಭಾರವಾದ ನೆಲ. ಚದರ ಮೀಟರಿಗೆ 430 ಕಿಲೋ ಅಂತ ಇಟ್ಟುಕೊಳ್ಳಿ, ನಾನು ಆ ಬಂಗಲೆಯಲ್ಲಿ ಅಳೆದು ಲೆಕ್ಕ ಹಾಕಿದಾಗ ಹತ್ತಿರ ಹತ್ತಿರ ಅಷ್ಟೇ ಬಂತು. ಅದು ತನ್ನದೇ ತೂಕ. ಅದರ ಮೇಲೆ ಜನ, ಸಾಮಾನು. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ಭಾರತೀಯ ಕೋಡ್, ಐಎಸ್ 875ರ ಎರಡನೇ ಭಾಗ, ಏನು ಹೇಳುತ್ತದೆ? ಮನೆಯ ರೂಮಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಕ್ಲಾಸ್ ರೂಮಿಗೆ 300. ಕಾಲೇಜಿನ ಕಾರಿಡಾರು, ಮೆಟ್ಟಿಲಿಗೆ 400. ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ 500. ಪುಸ್ತಕದ ಕಪಾಟುಗಳನ್ನು ಸಾಲಾಗಿ ಇಡುವ ರೂಮಿಗೆ 600, ಅದೂ ಕಪಾಟು 2.2 ಮೀಟರ್ ಎತ್ತರ ಇದ್ದರೆ. ಅದಕ್ಕಿಂತ ಎತ್ತರ ಹೋದರೆ ಪ್ರತಿ ಮೀಟರಿಗೂ ಇನ್ನೊಂದು 200 ಸೇರಿಸಬೇಕು.

ಮನೆಯಿಂದ ಕ್ಲಾಸ್ ರೂಮಿಗೆ ಬಂದರೆ ಏನಾಗುತ್ತದೆ ನೋಡಿ. ಹುಡುಗರು ಥಟ್ಟನೆ ಹೇಳುತ್ತಾರೆ, 200ರಿಂದ 300, ಐವತ್ತು ಪರ್ಸೆಂಟ್ ಜಾಸ್ತಿ, ಕಟ್ಟಡ ತಡೆಯಲ್ಲ ಅಂತ. ಹಾಗಲ್ಲ. ಜಂತೆಗೆ ನಿಮ್ಮ ಮಕ್ಕಳ ತೂಕ ಬೇರೆ, ನೆಲದ ತೂಕ ಬೇರೆ ಅಂತ ಗೊತ್ತಿಲ್ಲ. ಅದು ಹೊರುವುದು ಎರಡನ್ನೂ ಸೇರಿಸಿ. ಮೊದಲು 430 ಮತ್ತು 200, ಒಟ್ಟು 630. ಈಗ 730. ಹೆಚ್ಚಾದದ್ದು ಬರೀ ಹದಿನಾರು ಪರ್ಸೆಂಟ್. ನೆಲ ಭಾರ ಇರುವುದರಿಂದಲೇ ಮಕ್ಕಳ ಭಾರ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಲೈಬ್ರರಿ ಮಾಡಿದರೆ? 430 ಮತ್ತು 600, ಒಟ್ಟು 1030. ಇದು ಅರವತ್ತು ಪರ್ಸೆಂಟಿಗಿಂತ ಜಾಸ್ತಿ. ಅದರ ಮೇಲೆ ಪುಸ್ತಕದ ತೂಕ ಮಕ್ಕಳ ತೂಕದ ಹಾಗಲ್ಲ, ಮಕ್ಕಳು ಐದು ಗಂಟೆಗೆ ಮನೆಗೆ ಹೋಗುತ್ತಾರೆ. ಪುಸ್ತಕ ರಾತ್ರಿಯೂ ಅಲ್ಲೇ, ಬೇಸಿಗೆ ರಜೆಯಲ್ಲೂ ಅಲ್ಲೇ. ಮರಕ್ಕೆ ಒಂದು ಗುಣ ಇದೆ, ಒಂದೇ ಸಮ ಭಾರ ಹೊತ್ತರೆ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಹಳೆ ಮನೆಗಳಲ್ಲಿ ಅಕ್ಕಿ ಮೂಟೆ ಇಡುತ್ತಿದ್ದ ಅಟ್ಟದ ಹಲಗೆ ಹೇಗೆ ಬಾಗಿರುತ್ತದೆ ಅಂತ ನೋಡಿದ್ದೀರಲ್ವಾ, ಅದೇ.

ಆ ಸಂಸ್ಥೆಯವರಿಗೆ ನಾನು ಲೆಕ್ಕ ತೋರಿಸಿದೆ. ಹಾಲಿನ ಕೆಳಗೆ ಉಕ್ಕಿನ ತೊಲೆ ಹಾಕಿ ಲೈಬ್ರರಿಯನ್ನು ಅಲ್ಲೇ ಉಳಿಸಬಹುದಿತ್ತು, ಆಗುವುದೇ ಇಲ್ಲ ಅಂತಲ್ಲ. ಆದರೆ ಆ ತೊಲೆ ಕೆಳಗಿನ ಹಜಾರದ ನಡುವೆ ಅಡ್ಡ ಬರುತ್ತದೆ, ಅದರ ಕಾಲು ನಿಲ್ಲಿಸಲು ಹಳೆಯ ನೆಲ ಅಗೆಯಬೇಕು, ಪಾಯ ಹಾಕಬೇಕು. ಅಷ್ಟೆಲ್ಲ ಯಾಕೆ? ಹಿಂದೆ ಕುದುರೆ ಲಾಯ ಇತ್ತು. ಕೆಳಗೆ ಮಣ್ಣು, ಅದರ ಮೇಲೆ ಕಲ್ಲು ಚಪ್ಪಡಿ. ಅದರ ಮೇಲೆ ಎಷ್ಟು ಪುಸ್ತಕ ಬೇಕಾದರೂ ಇಡಿ, ಭೂಮಿ ಹೊರುತ್ತದೆ. ಲಾಯದ ಗೋಡೆ ಒಣಗಿಸಿ, ಛಾವಣಿ ರಿಪೇರಿ ಮಾಡಿ ಲೈಬ್ರರಿ ಅಲ್ಲಿಗೆ ಹೋಯಿತು. ಮೇಲಿನ ಹಾಲು ಎರಡು ಕ್ಲಾಸ್ ರೂಮಾಯಿತು. ಈ ಒಂದು ಅದಲುಬದಲಿನಿಂದ ಉಳಿದ ಹಣದಲ್ಲಿ ಜಂತೆಗಳ ರಿಪೇರಿ ಪೂರ್ತಿ ಮುಗಿಯಿತು.

ಹಾಲನ್ನು ಎರಡು ಮಾಡುವಾಗ ಇನ್ನೊಂದು ತಪ್ಪು ಆಗುತ್ತಿತ್ತು. ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸುವುದು ಅಂತ ಮೇಸ್ತ್ರಿ ಗುರುತು ಹಾಕಿಬಿಟ್ಟಿದ್ದರು. ಮೂರೂವರೆ ಮೀಟರ್ ಎತ್ತರದ ಗೋಡೆ, ಉದ್ದ ಒಂದು ಮೀಟರಿಗೆ ಸುಮಾರು 800 ಕಿಲೋ. ಅದು ಒಂದು ಜಂತೆಯ ನೆತ್ತಿಯ ಮೇಲೆ ಬಂದರೆ ಆ ಜಂತೆಯ ಕಥೆ ಮುಗಿಯಿತು. ಕಬ್ಬಿಣದ ಚೌಕಟ್ಟಿಗೆ ಜಿಪ್ಸಂ ಬೋರ್ಡ್ ಹೊಡೆದು ಒಳಗೆ ಸದ್ದು ತಡೆಯುವ ಹತ್ತಿ ತುಂಬಿದರೆ ಅದರ ಐದನೇ ಒಂದು ಪಾಲೂ ತೂಕ ಬರುವುದಿಲ್ಲ. ನಾಳೆ ಬೇಡ ಅಂದರೆ ಬಿಚ್ಚಿ ತೆಗೆಯಬಹುದು, ಹಾಲು ಮತ್ತೆ ಹಾಲಾಗುತ್ತದೆ. ಹಳೆ ಕಟ್ಟಡದಲ್ಲಿ ನಾನು ಸೇರಿಸುವ ಯಾವುದನ್ನೇ ಆಗಲಿ, ಮುಂದೆ ಬರುವವರು ಬಿಚ್ಚಿ ತೆಗೆಯಲು ಆಗುವ ಹಾಗೆ ಸೇರಿಸಬೇಕು ಅಂತ ನಾನು ತುಂಬ ಗಟ್ಟಿಯಾಗಿ ನಂಬುತ್ತೇನೆ.

ಈಗ ಜಂತೆಗೆ ಬರುತ್ತೇನೆ, ಇವತ್ತಿನ ಮಾತಿನಲ್ಲಿ ಇದೇ ಮುಖ್ಯ ಭಾಗ. ಹತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಎತ್ತರದ ತೇಗದ ಜಂತೆ ತೆಗೆದುಕೊಳ್ಳಿ. ಅಗಲವನ್ನು ಎತ್ತರದಿಂದ ಎರಡು ಸಲ ಗುಣಿಸಿದರೆ ಅದರ ಬಲದ ಅಳತೆ ಸಿಗುತ್ತದೆ ಅಂತ ನಿಮಗೆ ಗೊತ್ತು. ಗೆದ್ದಲೋ, ಕೊಳೆಯೋ ನಾಲ್ಕೂ ಕಡೆಯಿಂದ ಒಂದೊಂದೇ ಸೆಂಟಿಮೀಟರ್ ತಿಂದಿದೆ ಅಂದುಕೊಳ್ಳಿ. ಒಂದು ಸೆಂಟಿಮೀಟರ್, ಬೆರಳಿನ ಅಗಲವೂ ಇಲ್ಲ. ಬಣ್ಣ ಹೊಡೆದಿದ್ದರೆ ಕಣ್ಣಿಗೂ ಬೀಳುವುದಿಲ್ಲ. ಉಳಿದದ್ದು ಎಂಟು, ಹದಿನೆಂಟು. ಲೆಕ್ಕ ಹಾಕಿ ನೋಡಿ, ಬಲದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಗಿದೆ. ಮಕ್ಕಳು ಬಂದದ್ದರಿಂದ ಜಂತೆಗೆ ಹದಿನಾರು ಪರ್ಸೆಂಟ್ ಕಷ್ಟ ಹೆಚ್ಚಾಯಿತು, ಒಂದು ಸೆಂಟಿಮೀಟರ್ ಗೆದ್ದಲಿನಿಂದ ಐವತ್ತು ಪರ್ಸೆಂಟಿಗೂ ಮೀರಿ ಹೆಚ್ಚಾಯಿತು. ಹಾಗಾಗಿ ನೀವು ಕಂಪ್ಯೂಟರ್ ಮುಂದೆ ಕೂತು ಮಾಡೆಲ್ ಮಾಡುವ ಮೊದಲು ಏಣಿ ಹತ್ತಿ ಪ್ರತಿ ಜಂತೆಯನ್ನೂ ಮುಟ್ಟಬೇಕು. ಪ್ರತಿ ಒಂದನ್ನೂ.

ಮುಟ್ಟಿ ನೋಡುವುದು ಅಂದರೆ ಏನು? ಸುತ್ತಿಗೆಯ ಹಿಡಿಯಿಂದ ತಟ್ಟುವುದು. ಒಳ್ಳೆಯ ತೇಗ ಟಣ್ ಅನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಸದ್ದು ಸತ್ತ ಹಾಗೆ ಇರುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡುವುದು. ತೇವ ಅಳೆಯುವ ಸಣ್ಣ ಮೀಟರ್ ಬರುತ್ತದೆ, ಅದರಲ್ಲಿ 20 ಪರ್ಸೆಂಟಿನ ಮೇಲೆ ತೋರಿಸಿದರೆ ಅಲ್ಲಿ ಕೊಳೆ ಹಿಡಿಯುವ ಅಪಾಯ ಇದೆ ಅಂತ ಅರ್ಥ. ಇನ್ನೂ ಅನುಮಾನ ಇದ್ದರೆ ಸೂಜಿಯಂಥ ತೆಳುವಾದ ಡ್ರಿಲ್ ಒಳಗೆ ಕಳಿಸಿ, ಅದಕ್ಕೆ ಎಲ್ಲೆಲ್ಲಿ ಎಷ್ಟು ತಡೆ ಸಿಕ್ಕಿತು ಅಂತ ಗೀಟು ಬರೆಸುವ ಯಂತ್ರ ಇದೆ. ಇನ್ನೊಂದು ಮಾತು, ಕಾಂಕ್ರೀಟ್ ಪರೀಕ್ಷೆಯ ರಿಬೌಂಡ್ ಹ್ಯಾಮರ್ ತಂದು ಸುಣ್ಣದ ಗೋಡೆಗೆ ಹೊಡೆದು ಅಂಕಿ ಬರೆದುಕೊಂಡು ಹೋಗುವವರನ್ನು ನೋಡಿದ್ದೇನೆ. ಆ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ, ಆ ಉಪಕರಣ ಇರುವುದೇ ಕಾಂಕ್ರೀಟಿಗೆ.

ಜಂತೆ ಎಲ್ಲಿ ಕೆಡುತ್ತದೆ ಗೊತ್ತಾ? ನಡುವೆ ಅಲ್ಲ. ತುದಿಯಲ್ಲಿ, ಗೋಡೆಯ ಒಳಗೆ ಹೋಗಿ ಕೂತಿರುವ ಒಂದು ಗೇಣಿನಲ್ಲಿ. ಕಣ್ಣಿಗೆ ಕಾಣದ ಜಾಗ ಅದು. ಯಾಕೆ ಅಲ್ಲೇ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಾವು ಒಳ್ಳೆಯದು ಅಂತ ಮಾಡುವ ಕೆಲಸವೇ ಅದಕ್ಕೆ ಕಾರಣ. ಆ ಗೋಡೆ ಇಟ್ಟಿಗೆಯದು, ಗಾರೆ ಸುಣ್ಣದ್ದು, ಅದರ ಮೇಲಿನ ಲೇಪವೂ ಸುಣ್ಣದ್ದು. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ನೂರು ವರ್ಷ ಹೀಗೇ ನಡೆದಿತ್ತು. ಯಾವಾಗಲೋ ಒಮ್ಮೆ ಹೊರಗಡೆ ಲೇಪ ಉದುರಿತು ಅಂತ ಯಾರೋ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದರು. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ನೋಡಲು ಹೊಸದಾಯಿತು. ಆದರೆ ನೀರು ಒಳಗೆ ಹೋಗುವುದು ನಿಲ್ಲಲಿಲ್ಲ, ಕೆಳಗಿನ ಪಾಯದಿಂದ ಏರಿ ಬರುತ್ತದೆ, ಪ್ಯಾರಪೆಟ್ಟಿನ ಬಿರುಕಿನಿಂದ ಇಳಿದು ಬರುತ್ತದೆ. ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿತು. ಸಿಕ್ಕಿಹಾಕಿಕೊಂಡ ನೀರು ಎಲ್ಲಿ ಜಾಗ ಇದೆಯೋ ಅಲ್ಲಿಗೆ ಹೋಗುತ್ತದೆ, ಜಂತೆಯ ತುದಿ ಕೂತ ಗೂಡಿಗೆ. ಹತ್ತು ಹದಿನೈದು ವರ್ಷದಲ್ಲಿ ತುದಿ ಕೊಳೆಯುತ್ತದೆ. ಗೋಡೆಗೆ ಹೊಡೆದ ಸಿಮೆಂಟು ಜಂತೆಯನ್ನು ಕೊಂದಿತು ಅಂತ ನಾನು ಹೇಳಿದರೆ ಮೊದಲು ಯಾರೂ ನಂಬುವುದಿಲ್ಲ. ಆ ಬಂಗಲೆಯ ಪಶ್ಚಿಮದ ಗೋಡೆಯಲ್ಲಿ, ಮಳೆ ಹೊಡೆಯುವ ಕಡೆ, ಸಿಮೆಂಟ್ ಇದ್ದ ಭಾಗದ ಜಂತೆಗಳ ತುದಿಗಳನ್ನು ಬಿಚ್ಚಿ ನೋಡಿದಾಗ ಕೈಯಲ್ಲಿ ಪುಡಿಯಾದವು. ಅದೇ ಗೋಡೆಯಲ್ಲಿ ಹಳೆಯ ಸುಣ್ಣ ಉಳಿದಿದ್ದ ಕಡೆ ತೇಗ ಇನ್ನೂ ಎಣ್ಣೆ ವಾಸನೆ ಬರುವಷ್ಟು ಚೆನ್ನಾಗಿತ್ತು.

ರಿಪೇರಿ ಹೇಗೆ? ಇಡೀ ಜಂತೆ ಕಿತ್ತು ಹಾಕುವ ಅಗತ್ಯ ಇಲ್ಲ. ಕೆಳಗೆ ಜಾಕಿ ಕೊಟ್ಟು ಭಾರ ಇಳಿಸಿಕೊಳ್ಳಬೇಕು, ಕೊಳೆತ ತುದಿಯನ್ನು ಒಳ್ಳೆಯ ಮರ ಸಿಗುವ ತನಕ ಕೊಯ್ಯಬೇಕು, ಹಳೆಯ ತೇಗದ್ದೇ ಹೊಸ ತುಂಡನ್ನು ಓರೆಯಾಗಿ ಜೋಡಿಸಿ ಎರಡು ಪಕ್ಕ ಉಕ್ಕಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಬೇಕು. ಇಲ್ಲವೇ ಗೋಡೆಗೆ ಉಕ್ಕಿನ ಬ್ರಾಕೆಟ್ ಹಾಕಿ ಜಂತೆಯ ತುದಿಯನ್ನು ಅದರಲ್ಲಿ ಕೂರಿಸಬೇಕು. ಯಾವುದೇ ಮಾಡಿ, ತುದಿಯ ಸುತ್ತ ಒಂದು ಬೆರಳಿನಷ್ಟು ಗಾಳಿ ಆಡುವ ಜಾಗ ಬಿಡಿ. ಮತ್ತು ಹೊರಗಿನ ಸಿಮೆಂಟ್ ಕೆತ್ತಿಸಿ ಸುಣ್ಣಕ್ಕೆ ವಾಪಸ್ ಬನ್ನಿ, ಇಲ್ಲದಿದ್ದರೆ ನಿಮ್ಮ ಹೊಸ ತುಂಡೂ ಅದೇ ದಾರಿ ಹಿಡಿಯುತ್ತದೆ.

ಜಂತೆಯ ಕೆಳಗೆ ನಟ್ಟನಡುವೆ ಒಂದು ಉಕ್ಕಿನ ತೊಲೆ ಕೊಟ್ಟರೆ ಜಂತೆಯನ್ನು ಬಾಗಿಸುವ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ ಅಂತ ನೀವು ಹೇಳುತ್ತೀರಿ. ಹೌದು. ಆದರೆ ಆ ಹೊಸ ತೊಲೆಯ ಮೇಲೆ ಜಂತೆ ಮೇಲ್ಮುಖವಾಗಿ ಬಾಗುತ್ತದೆ, ಅದರ ನೆತ್ತಿಯಲ್ಲಿ ಎಳೆತ ಬರುತ್ತದೆ, ಅದರ ಮೇಲೆ ಕೂತಿರುವ ಇಟ್ಟಿಗೆ ಸುಣ್ಣದ ಪದರ ಎಳೆತ ತಡೆಯುವುದಿಲ್ಲ. ತೊಲೆಯ ಗೀಟಿಗೆ ಸರಿಯಾಗಿ ಮೇಲಿನ ನೆಲದಲ್ಲಿ ಬಿರುಕು ಬರುತ್ತದೆ, ತಾರಸಿಯಾದರೆ ಅಲ್ಲಿಂದ ನೀರು. ಹಾಗಾಗಿ ತೊಲೆಯನ್ನು ಜಾಕಿಯಿಂದ ಒತ್ತಿ ಎತ್ತಬೇಡಿ. ತಾಗಿಯೂ ತಾಗದ ಹಾಗೆ ಇಟ್ಟು, ಸಂದಿಗೆ ಉಕ್ಕಿನ ತೆಳು ತಗಡು ತುಂಬಿ, ಹೊಸ ಭಾರ ಬಂದಾಗ ಮಾತ್ರ ಅದು ಕೆಲಸಕ್ಕೆ ಬರುವ ಹಾಗೆ ಮಾಡಿ.

ಬಲ ಸೇರಿಸುವ ಮೊದಲು ತೂಕ ಇಳಿಸಲು ನೋಡಿ. ಆ ಹಾಲಿನ ನೆಲದಲ್ಲಿ ಮೂಲದ ಕೆಂಪು ಗಾರೆ ನೆಲದ ಮೇಲೆ ಯಾವುದೋ ಕಾಲದಲ್ಲಿ ಮೊಸಾಯಿಕ್ ಹಾಕಿದ್ದರು, ಅದರ ಮೇಲೆ ಇನ್ನೊಂದು ಕಾಲದಲ್ಲಿ ಟೈಲ್ಸ್. ಒಟ್ಟು ಎಂಟು ಸೆಂಟಿಮೀಟರ್ ಹೆಚ್ಚುವರಿ ದಪ್ಪ, ಚದರ ಮೀಟರಿಗೆ 160 ಕಿಲೋ. ನಾನು ಮೊದಲು ಹೇಳಿದ 430ರಲ್ಲಿ ಇದು ಸೇರಿಲ್ಲ. ಎರಡನ್ನೂ ಎಬ್ಬಿಸಿದೆವು. ಕ್ಲಾಸ್ ರೂಮಿಗೆ ಅಂತ ನಮಗೆ ಬೇಕಾಗಿದ್ದದ್ದು ಹೆಚ್ಚುವರಿ 100 ಕಿಲೋ, ಕಸ ತೆಗೆದು ಸಿಕ್ಕಿದ್ದು 160. ಕೆಳಗೆ ಆ ಕೆಂಪು ನೆಲ ಇನ್ನೂ ಹೊಳೆಯುತ್ತಿತ್ತು. ಅದನ್ನು ನೋಡಿ ಪ್ರಿನ್ಸಿಪಾಲರು ಚಪ್ಪಲಿ ಬಿಟ್ಟು ಒಳಗೆ ಬಂದರು.

ಗೋಡೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದೂವರೆ ಅಡಿ ದಪ್ಪದ ಒಳಗೋಡೆ, ಎರಡು ಅಂತಸ್ತಿನ ಭಾರ ಹೊತ್ತರೂ ಬುಡದಲ್ಲಿ ಬರುವುದು ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋ. ಅದರಲ್ಲಿ ಹೆಚ್ಚಿನದು ಗೋಡೆಯ ತೂಕವೇ. ಮಕ್ಕಳು ಬಂದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೋಡೆಗೆ ಭಯ ಇರುವುದು ಬೇರೆ ಕಡೆ. ನೀರು ಒಂದು. ಪಕ್ಕಕ್ಕೆ ತಳ್ಳುವ ಬಲ ಇನ್ನೊಂದು, ಕಮಾನುಗಳು ತಳ್ಳುತ್ತಾ ಇರುತ್ತವೆ, ತುದಿಯ ಕಮಾನಿಗೆ ಆಸರೆ ಇಲ್ಲದಿದ್ದರೆ ಗೋಡೆ ಹೊರಗೆ ಹೊಟ್ಟೆ ಬಿಡುತ್ತದೆ. ಮತ್ತೆ ನಾವು ಕೊರೆಯುವ ಹೊಸ ಬಾಗಿಲುಗಳು. ಎರಡು ರೂಮು ಸೇರಿಸಿ ದೊಡ್ಡ ಕ್ಲಾಸು ಮಾಡೋಣ, ಈ ಗೋಡೆ ತೆಗೆದುಬಿಡಿ ಅಂತ ಕೇಳುತ್ತಾರೆ. ತೆಗೆಯಬಹುದು, ಮೇಲಿನ ಭಾರವನ್ನು ಅಡ್ಡ ತೊಲೆಗಳ ಮೇಲೆ ಹಿಡಿದು ನಿಲ್ಲಿಸಿ ಉಕ್ಕಿನ ಚೌಕಟ್ಟು ಕೂರಿಸಬಹುದು. ನಾನು ಹೆಚ್ಚಿನ ಸಲ ಬೇಡ ಅನ್ನುತ್ತೇನೆ. ಮೂವತ್ತು ಜನ ಕೂರುವ ರೂಮಿಗೆ ಮೂವತ್ತು ಜನರ ಕ್ಲಾಸು ಕೊಡಿ. ಅರವತ್ತು ಜನರ ಕ್ಲಾಸಿಗೆ ಹಿಂದಿನ ಖಾಲಿ ಜಾಗದಲ್ಲಿ ಹೊಸ ಕಟ್ಟಡ ಕಟ್ಟಿ, ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ನೀರಿನ ವಿಷಯ ಮಾತ್ರ ಬೇಗ ಮುಗಿಸಲು ಆಗುವುದಿಲ್ಲ. ಮೈಸೂರಿನಲ್ಲಿ ಏನೇನಾಯಿತು ಅಂತ ನಿಮಗೆ ಗೊತ್ತು. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ತೀರಿಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ರಿಪೇರಿ ನಡೆಯುತ್ತಿದ್ದಾಗಲೇ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗ ಮಳೆಗಾಲದ ಕೊನೆಯಲ್ಲಿ ಕುಸಿಯಿತು. ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅದೂ ಪಾಠ ನಡೆಯುತ್ತಿದ್ದ ಕಟ್ಟಡ, ಲ್ಯಾಬ್ ಇದ್ದ ಕಟ್ಟಡ. ಬಿರುಕು ನೋಡಿ ಮಕ್ಕಳನ್ನು ಎಬ್ಬಿಸಿ ಕಳಿಸಿದ ಮೇಷ್ಟ್ರುಗಳಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

ಆ ಬಂಗಲೆಯಲ್ಲಿ ಮೊದಲ ನಕ್ಷೆಯ ಪ್ರಕಾರ ಮೇಲಿನ ಮಹಡಿಯ ನಟ್ಟನಡುವೆ ಶೌಚಾಲಯ ಇತ್ತು. ಆರು ಕಮೋಡು, ನಾಲ್ಕು ಬೇಸಿನ್ನು, ಎಲ್ಲ ಮದ್ರಾಸ್ ತಾರಸಿಯ ಮೇಲೆ. ತೂಕದ ಲೆಕ್ಕದಲ್ಲಿ ನೋಡಿದರೆ ಶೌಚಾಲಯ ದೊಡ್ಡದೇನಲ್ಲ. ಆದರೆ ಒಂದು ಪೈಪಿನ ಜಾಯಿಂಟ್ ಸಣ್ಣಗೆ ತೊಟ್ಟಿಕ್ಕಿದರೂ ಅದು ಕಾಣಿಸುವ ಹೊತ್ತಿಗೆ ಸುಣ್ಣದ ಪದರ ನೆನೆದು, ಜಂತೆ ನೆನೆದು, ಎರಡು ಮೂರು ವರ್ಷ ಕಳೆದಿರುತ್ತದೆ. ಎಲ್ಲ ಶೌಚಾಲಯಗಳನ್ನೂ ಹಳೆ ಕಟ್ಟಡದಿಂದ ಹೊರಗೆ ತಂದೆವು. ಹಿಂದೆ ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಗೋಪುರ, ಅದರಲ್ಲೇ ಶೌಚಾಲಯ, ಅದರಲ್ಲೇ ಲಿಫ್ಟು, ಅದರಲ್ಲೇ ಎರಡನೇ ಮೆಟ್ಟಿಲು, ಅದರ ತಲೆಯ ಮೇಲೆ ನೀರಿನ ಟ್ಯಾಂಕು. ಹಳೆ ಕಟ್ಟಡಕ್ಕೂ ಅದಕ್ಕೂ ನಡುವೆ ಎರಡು ಇಂಚು ಸಂದಿ, ದಾಟಲು ಸಣ್ಣ ಸೇತುವೆ. ಹಳೆ ಗೋಡೆಗೆ ಒರಗಿಲ್ಲ, ಒಂದು ಬೋಲ್ಟ್ ಕೂಡ ಹೊಡೆದಿಲ್ಲ. ಅದರ ಪಾಯವನ್ನು ಹಳೆ ಗೋಡೆಯ ಪಾಯಕ್ಕಿಂತ ಆಳಕ್ಕೆ ಅಗೆಯಬಾರದು ಅಂತ ಮೊದಲೇ ಹಠ ಹಿಡಿದಿದ್ದೆ. ಹೊಸ ಪಾಯ ತೋಡುವಾಗ ಪಕ್ಕದ ಹಳೆ ಗೋಡೆಯ ಬುಡ ಸಡಿಲವಾಗುವುದನ್ನು ಬೇರೆ ಕೆಲಸದಲ್ಲಿ ಕಣ್ಣಾರೆ ನೋಡಿದ್ದೇನೆ.

ಟ್ಯಾಂಕಿನ ಮಾತು ಬಂತಲ್ಲ. 2000 ಲೀಟರಿನ ಒಂದು ಟ್ಯಾಂಕ್ ತುಂಬಿದರೆ ಎರಡು ಟನ್. ಅದು ಕೂರುವ ಜಾಗ ಒಂದೂವರೆ ಚದರ ಮೀಟರ್. ಜನ ಓಡಾಡುವ ತಾರಸಿಗೆ ಅಂತ ಕೋಡ್ ಕೊಡುವ ಭಾರದ ಸುಮಾರು ಒಂಬತ್ತು ಪಟ್ಟು ಆ ಒಂದು ಜಾಗದಲ್ಲಿ. ಮದ್ರಾಸ್ ತಾರಸಿಯ ಮೇಲೆ ಟ್ಯಾಂಕ್ ಕಂಡರೆ ಯಾರದೇ ಮನೆಯಾಗಲಿ ನಾನು ಒಳಗೆ ಹೋಗಿ ಹೇಳುತ್ತೇನೆ, ಪರಿಚಯ ಇರಲಿ ಇಲ್ಲದಿರಲಿ. ಇಡಲೇಬೇಕಾದರೆ ಗೋಡೆಯ ನೆತ್ತಿಯಿಂದ ಗೋಡೆಯ ನೆತ್ತಿಗೆ ಉಕ್ಕಿನ ತೊಲೆ ಹಾಸಿ ಅದರ ಮೇಲೆ ಇಡಿ, ನೆಲಕ್ಕೆ ತಾಗಬಾರದು.

ಎರಡನೇ ಮೆಟ್ಟಿಲು ಅಂದೆ. ಮನೆಗೆ ಒಂದು ಮೆಟ್ಟಿಲು ಸಾಕು. ಕಾಲೇಜಿಗೆ ಸಾಲದು. ಕುಂಭಕೋಣದ ಶಾಲೆಯಲ್ಲಿ 2004ರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಹೋದರು. ಇಂಥ ಕಟ್ಟಡದಲ್ಲಿ ಜಂತೆ ಮರದ್ದು, ಮೆಟ್ಟಿಲು ಮರದ್ದು. ಇದರಲ್ಲಿ ಖರ್ಚು ಉಳಿಸುವ ಮಾತೇ ಬೇಡ.

ಇನ್ನು ಗಂಟೆ ಹೊಡೆಯುವ ಹೊತ್ತು. ನಾನು ಆ ಕಾಲೇಜು ಶುರುವಾದ ಮೇಲೆ ಒಂದು ದಿನ ಹೋಗಿ ವರಾಂಡದಲ್ಲಿ ನಿಂತಿದ್ದೆ. ಹನ್ನೊಂದು ಗಂಟೆಗೆ ಬೆಲ್ಲು. ಒಂದೇ ನಿಮಿಷದಲ್ಲಿ ವರಾಂಡ ತುಂಬಿತು. ಚದರ ಮೀಟರಿಗೆ 400 ಕಿಲೋ ಅಂದರೆ ಆರು ಜನ ಒತ್ತಿ ನಿಂತ ಹಾಗೆ, ಅದು ಪುಸ್ತಕದ ಅಂಕಿ ಅಂತ ನಾವು ಅಂದುಕೊಂಡಿರುತ್ತೇವೆ, ಅವತ್ತು ಕಣ್ಣ ಮುಂದೆ ಇತ್ತು. ಹುಡುಗರು ರೇಲಿಂಗಿಗೆ ಒರಗಿ ಕೆಳಗಿರುವ ಗೆಳೆಯರನ್ನು ಕೂಗುತ್ತಿದ್ದರು. ಹಳೆಯ ಎರಕದ ಕಬ್ಬಿಣದ ರೇಲಿಂಗ್ ಸೊಂಟಕ್ಕೂ ಬರುವುದಿಲ್ಲ. ಎರಕದ ಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ಮುನ್ಸೂಚನೆ ಇಲ್ಲದೆ ಪಟ್ ಅಂತ ಮುರಿಯುತ್ತದೆ, ವೆಲ್ಡಿಂಗಿಗೂ ಸುಲಭವಾಗಿ ಬಗ್ಗುವುದಿಲ್ಲ. ಪುಣ್ಯಕ್ಕೆ ಅದರ ಒಳಗಡೆ ಒಂದು ಅಡಿ ಬಿಟ್ಟು ನಾವು ಹೊಸ ಎತ್ತರದ ರೇಲಿಂಗ್ ಹಾಕಿದ್ದೆವು. ಅಲ್ಲದೆ ಮಹಡಿಯ ಎರಡು ಕ್ಲಾಸುಗಳು ಐದು ನಿಮಿಷ ಹಿಂದೆ ಮುಂದೆ ಬಿಡುವ ಹಾಗೆ ಟೈಮ್‌ಟೇಬಲ್ ಬದಲಾಯಿಸಿ ಅಂತ ಪ್ರಿನ್ಸಿಪಾಲರನ್ನು ಕೇಳಿಕೊಂಡೆ. ಅವರು ಒಪ್ಪಿದರು. ಟೈಮ್‌ಟೇಬಲ್ ಕೂಡ ಸ್ಟ್ರಕ್ಚರಲ್ ಡ್ರಾಯಿಂಗ್ ಇದ್ದ ಹಾಗೆ ಅಂತ ನಾನು ಹೇಳಿದಾಗ ಅಲ್ಲಿದ್ದ ಲೆಕ್ಚರರ್ ಒಬ್ಬರು ಅದನ್ನು ಬರೆದುಕೊಂಡರು.

ಕೊನೆಯಲ್ಲಿ ಮಕ್ಕಳು ಕೇಳಿದ ಕೆಲವು ಪ್ರಶ್ನೆ ಸೇರಿಸುತ್ತೇನೆ.

ಒಬ್ಬಳು ಕೇಳಿದಳು, "ಸರ್, ಮೈಸೂರು ಕಡೆ ಭೂಕಂಪ ಕಡಿಮೆ ಅಲ್ವಾ, ಅದನ್ನು ಲೆಕ್ಕಕ್ಕೆ ತಗೋಬೇಕಾ?" ತಗೋಬೇಕು. ಮನೆ ಕಾಲೇಜಾದ ಕೂಡಲೇ ಕೋಡ್ ಅದಕ್ಕೆ ಹೆಚ್ಚಿನ ಮಹತ್ವ ಕೊಡುತ್ತದೆ, ಲೆಕ್ಕದ ಬಲವನ್ನು ಒಂದೂವರೆ ಪಟ್ಟು ಮಾಡಬೇಕು. ಇಂಥ ಕಟ್ಟಡದ ದೊಡ್ಡ ಕೊರತೆ ಏನೆಂದರೆ ಜಂತೆ ಗೋಡೆಯ ಮೇಲೆ ಸುಮ್ನೆ ಕೂತಿರುತ್ತದೆ, ಹಿಡಿದುಕೊಂಡಿರುವುದಿಲ್ಲ. ಅಲುಗಾಡಿದರೆ ಗೋಡೆ ಹೊರಗೆ ಹೋಗುತ್ತದೆ, ಜಂತೆ ಕೆಳಗೆ ಬರುತ್ತದೆ. ನಾಲ್ಕೈದು ಜಂತೆಗೆ ಒಂದರಂತೆ ಉಕ್ಕಿನ ಪಟ್ಟಿಯಿಂದ ಗೋಡೆಗೆ ಕಟ್ಟಿದರೆ ತುಂಬ ವ್ಯತ್ಯಾಸ ಆಗುತ್ತದೆ, ಖರ್ಚೂ ಹೆಚ್ಚಲ್ಲ. ಭೂಕಂಪ ತಡೆಯುವ ಹಾಗೆ ಇಟ್ಟಿಗೆ, ಕಲ್ಲಿನ ಕಟ್ಟಡ ರಿಪೇರಿ ಮಾಡುವ ಕೋಡ್ ಐಎಸ್ 13935 ಓದಿ, ಅದರಲ್ಲಿ ಚಿತ್ರ ಸಮೇತ ಇದೆ.

ಇನ್ನೊಬ್ಬ ಕೇಳಿದ, "ಬಿರುಕು ಹಳೇದಾ, ಈಗಲೂ ಬೆಳೀತಾ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?" ಒಳಗೆ ಧೂಳು, ಜೇಡರ ಬಲೆ, ಹಳೆ ಬಣ್ಣ ಇದ್ದರೆ ಹಳೆಯದು. ಖಚಿತವಾಗಬೇಕಾದರೆ ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ನೋಡಬೇಕು. ಅಷ್ಟು ಕಾಯಲು ಸಮಯ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನೂರು ವರ್ಷ ನಿಂತ ಕಟ್ಟಡಕ್ಕೆ ಒಂದು ವರ್ಷ ಕೊಡಿ ಅಂತ ನಾನು ಕೇಳುತ್ತೇನೆ.

ಸುಣ್ಣದ ಕೆಲಸ ಮಾಡುವವರು ಈಗ ಎಲ್ಲಿದ್ದಾರೆ ಅಂತ ಒಬ್ಬರು ಮೇಷ್ಟ್ರು ಕೇಳಿದರು. ಇದ್ದಾರೆ, ಕಡಿಮೆ ಇದ್ದಾರೆ. ಆ ಬಂಗಲೆಗೆ ಬಂದ ಹಿರಿಯ ಗಾರೆ ಕೆಲಸದವರು ಒಬ್ಬರು ಅಂಗಳದಲ್ಲೇ ಸುಣ್ಣ ಅರೆಯುವ ಗಾಣ ಹಾಕಿಸಿದರು. ಸುಣ್ಣವನ್ನು ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿದರು. ಇಟ್ಟಿಗೆ ಪುಡಿ ಎಷ್ಟು, ಮರಳು ಎಷ್ಟು ಅಂತ ನಾನು ಬರೆದುಕೊಳ್ಳಲು ಹೋದರೆ, ಮೊದಲು ಕೈಯಲ್ಲಿ ಹಿಡಿದು ನೋಡಿ ಸ್ವಾಮಿ, ಆಮೇಲೆ ಬರೆಯುವಿರಂತೆ ಅಂದರು. ಅವರ ಜೊತೆ ಇಬ್ಬರು ಹುಡುಗರು ಕಲಿತರು. ಈಗ ಅವರಿಬ್ಬರೂ ಬೇರೆ ಬೇರೆ ಊರಿನಲ್ಲಿ ಇದೇ ಕೆಲಸದಲ್ಲಿದ್ದಾರೆ.

ಮಳೆಗಾಲ ಶುರುವಾಗುವ ಮೊದಲು ನಾನು ಪ್ರತಿ ವರ್ಷ ಆ ಬಂಗಲೆಗೆ ಹೋಗಿ ತಾರಸಿ ಹತ್ತುತ್ತೇನೆ. ನೀರು ಹೋಗುವ ದೋಣಿಯಲ್ಲಿ ಎಲೆ ಕೂತಿದೆಯಾ, ಪ್ಯಾರಪೆಟ್ಟಿನಲ್ಲಿ ಅರಳಿ ಗಿಡ ಹುಟ್ಟಿದೆಯಾ ನೋಡಿ, ಬೇರು ಬಿಡುವ ಮೊದಲೇ ಕಿತ್ತು ಬರುತ್ತೇನೆ. ಈ ಸಲ ಮೇ ಕೊನೆ ವಾರ ಹೋಗುವವನಿದ್ದೇನೆ. ನಿಮ್ಮಲ್ಲಿ ಯಾರಾದರೂ ಬರುವುದಿದ್ದರೆ ಹೇಳಿ, ಏಣಿ ಅಲ್ಲೇ ಇದೆ.